ಕೌದಿ ಹೊಲಿಗೆ: ಅಂಚು ಮತ್ತು ಮೂಲೆಯ ಪ್ರಶ್ನೆಗಳು

ಹಳೆಯ ಸೀರೆ, ಧೋತರಗಳಿಂದ ಕೌದಿ ಹೊಲಿಯುವ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಅಂಚು ಮತ್ತು ಮೂಲೆಯ ಬಗ್ಗೆಯೇ ಇವೆ. ನಡುವಿನ ಹೊಲಿಗೆ ಬಹಳ ಜನರಿಗೆ ಕೈಗೆ ಹತ್ತಿದೆ. ಅಂಚಿಗೆ ಬಂದಾಗ ಕೈ ತಡೆಯುತ್ತಿದೆ. ನನಗಂತೂ ಈ ಪತ್ರಗಳನ್ನು ಓದಿ ಖುಷಿಯಾಯಿತು, ಯಾಕೆಂದರೆ ಕೌದಿ ಮೊದಲು ಸವೆಯುವುದು ಅಂಚಿನಲ್ಲೇ. ರಾತ್ರಿ ಮೈಮೇಲೆ ಎಳೆದುಕೊಳ್ಳುವಾಗ, ಒಗೆದು ಹಿಂಡುವಾಗ, ಹಗ್ಗಕ್ಕೆ ಹಾಕುವಾಗ ನಾವು ಹಿಡಿಯುವುದು ಅದನ್ನೇ. ಅಂಚು ಗಟ್ಟಿ ಇದ್ದರೆ ಕೌದಿ ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಅಳತೆಗಳನ್ನು ಇಂಚಿನಲ್ಲೇ ಕೊಟ್ಟಿದ್ದೇನೆ, ದರ್ಜಿಯ ಟೇಪಿನಲ್ಲಿ ಅದೇ ಸುಲಭ.

ಪ್ರಶ್ನೆ: ಅಕ್ಕ, ನಮಸ್ಕಾರ. ತುಂಡು ಜೋಡಿಸಿ ಕೌದಿಯ ಮೇಲಿನ ಪದರ ಸಿದ್ಧ ಮಾಡಿದೆ. ನಾಲ್ಕೂ ಕಡೆ ಐದು ಇಂಚಿನ ಪಟ್ಟಿ ಹಚ್ಚಿದೆ. ನೆಲಕ್ಕೆ ಹಾಸಿದರೆ ನಡು ಚೆನ್ನಾಗಿ ಕೂರುತ್ತದೆ, ಪಟ್ಟಿ ಮಾತ್ರ ಅಲೆ ಅಲೆಯಾಗಿ ಏಳುತ್ತದೆ. ಇಸ್ತ್ರಿ ಹಾಕಿದರೂ ಹೋಗಲಿಲ್ಲ. ಹೊಲಿಯುವಾಗ ಸರಿಯಾಗುತ್ತದೆ ಅಂತ ಹಾಗೇ ಮುಂದುವರಿಸಲಾ? (ಓದುಗರೊಬ್ಬರು, ಗದಗ)

ಉತ್ತರ: ಮುಂದುವರಿಸಬೇಡಿ ತಂಗಿ. ಈಗಲೇ ನಿಲ್ಲಿಸಿ.

ಪಟ್ಟಿ ಕೌದಿಗಿಂತ ಉದ್ದವಾಗಿದೆ, ಅದಕ್ಕೇ ಏಳುತ್ತಿದೆ. ಬಹುಶಃ ಉದ್ದನೆಯ ಪಟ್ಟಿಯನ್ನು ಒಂದು ತುದಿಯಿಂದ ಇಟ್ಟು ಹೊಲಿಯುತ್ತಾ ಹೋಗಿ, ಕೊನೆಗೆ ಮಿಕ್ಕಿದ್ದನ್ನು ಕತ್ತರಿಸಿರಬೇಕು, ಅಲ್ವಾ? ತುಂಡು ಜೋಡಿಸಿದ ಬಟ್ಟೆಯ ಅಂಚು ಹಿಗ್ಗಿರುತ್ತದೆ. ಕೈಯಲ್ಲಿ ಹಿಡಿದು ಹಿಡಿದು, ಎಳೆದು ಎಳೆದು ಅದು ನಡುವಿಗಿಂತ ಉದ್ದವಾಗುತ್ತದೆ. ಅಂಚಿನಲ್ಲಿ ತ್ರಿಕೋನದ ಓರೆ ಬದಿಗಳಿದ್ದರಂತೂ ಇನ್ನೂ ಜಾಸ್ತಿ. ಆ ಹಿಗ್ಗಿದ ಅಂಚಿಗೆ ತಕ್ಕಂತೆ ಪಟ್ಟಿ ಹಚ್ಚಿದರೆ ಹಿಗ್ಗು ಅಲ್ಲೇ ಉಳಿದುಬಿಡುತ್ತದೆ.

ಅಳತೆಯನ್ನು ಯಾವಾಗಲೂ ಕೌದಿಯ ನಡುವಿನಿಂದ ತೆಗೆದುಕೊಳ್ಳಿ. ನೆಲಕ್ಕೆ ಹಾಸಿ, ಎಳೆಯದೆ ಕೈಯಿಂದ ಸವರಿ ಸಮ ಮಾಡಿ. ನಡುವಿನಲ್ಲಿ ಒಂದು ಸಲ, ಎರಡೂ ಬದಿಯಿಂದ ಒಂದು ಗೇಣು ಒಳಗೆ ಒಂದೊಂದು ಸಲ ಟೇಪು ಹಿಡಿಯಿರಿ. ನಿಮಗೆ 77½, 78, 79 ಬಂತು ಎಂದುಕೊಳ್ಳಿ. ಸರಾಸರಿ 78ಕ್ಕೆ ಹತ್ತಿರ. ಎಡಬಲದ ಎರಡೂ ಪಟ್ಟಿಯನ್ನು 78ಕ್ಕೇ ಕತ್ತರಿಸಿ. ಬಲಗಡೆ ಅಂಚು 79 ಇದೆಯಲ್ಲ ಅಂತ ಅಲ್ಲಿ ಒಂದು ಇಂಚು ಜಾಸ್ತಿ ಬಿಡಬೇಡಿ. ಎರಡೂ ಬದಿ ಒಂದೇ ಉದ್ದ ಇದ್ದರೆ ಮಾತ್ರ ಮೂಲೆ ಚೌಕವಾಗಿ ಬರುತ್ತದೆ.

ಆಮೇಲೆ ಪಟ್ಟಿಯ ಅರ್ಧಕ್ಕೆ, ಕಾಲಿಗೆ, ಮುಕ್ಕಾಲಿಗೆ ಪಿನ್ನು ಹಾಕಿ. ಕೌದಿಯ ಅಂಚಿಗೂ ಹಾಗೇ ಹಾಕಿ. ಪಿನ್ನಿಗೆ ಪಿನ್ನು ಸೇರಿಸಿ. ಅಂಚು ಸ್ವಲ್ಪ ಉದ್ದ ಉಳಿದರೆ ಅದನ್ನು ಪಿನ್ನುಗಳ ನಡುವೆ ಸಮನಾಗಿ ಹಂಚಿ, ಆ ಉದ್ದದ ಬಟ್ಟೆ ಕೆಳಗೆ ಬರುವಂತೆ ಮಷಿನ್ನಿಗೆ ಕೊಡಿ. ಮಷಿನ್ನಿನ ಹಲ್ಲುಗಳು ಕೆಳಗಿನ ಬಟ್ಟೆಯನ್ನು ಸ್ವಲ್ಪ ಬೇಗ ಒಳಗೆ ಎಳೆಯುತ್ತವೆ. ಹಾಗಾಗಿ ಹೆಚ್ಚುವರಿ ಬಟ್ಟೆ ನೆರಿಗೆ ಬೀಳದೆ ಹೊಂದಿಕೊಳ್ಳುತ್ತದೆ. ಉದ್ದದ ಎರಡು ಬದಿ ಮುಗಿದ ಮೇಲೆ, ಪಟ್ಟಿ ಸೇರಿಸಿ ಮತ್ತೆ ಅಡ್ಡ ಅಳೆಯಿರಿ. ಮೇಲಿನ, ಕೆಳಗಿನ ಪಟ್ಟಿಗೆ ಆ ಹೊಸ ಅಳತೆ.

ಪಟ್ಟಿ ಕತ್ತರಿಸುವಾಗ ಬಟ್ಟೆಯ ಉದ್ದಕ್ಕೆ, ಅಂದರೆ ಹಾಸಿನ ನೇರಕ್ಕೆ ಕತ್ತರಿಸಿ. ಹಾಸಿನ ಎಳೆ ಹಿಗ್ಗುವುದು ಕಡಿಮೆ. ಹೊಕ್ಕಿನ ದಿಕ್ಕಿನಲ್ಲಿ, ಅಂದರೆ ಬಟ್ಟೆಯ ಅಡ್ಡಕ್ಕೆ ಕತ್ತರಿಸಿದ ಪಟ್ಟಿ ಎಳೆದರೆ ಸ್ವಲ್ಪ ಹಿಗ್ಗುತ್ತದೆ. ಅಷ್ಟು ಸಾಕು ಅಲೆ ಏಳುವುದಕ್ಕೆ. ಇಸ್ತ್ರಿಯನ್ನೂ ಉಜ್ಜಬೇಡಿ, ಎತ್ತಿ ಎತ್ತಿ ಇಡಿ.

ಈಗ ಹಚ್ಚಿರುವುದಕ್ಕೆ ಏನು ಮಾಡುವುದು? ಪಟ್ಟಿಯ ಹೊಲಿಗೆ ಬಿಚ್ಚಿ ಮತ್ತೆ ಹಚ್ಚಿ. ಬೇಸರ ಆಗುತ್ತದೆ, ಗೊತ್ತು. ಆದರೆ ಕೌದಿಯ ಎಳೆ ಹೊಲಿಗೆ (ಸೂಜಿಯನ್ನು ಮೇಲೆ ಕೆಳಗೆ ಹಾಯಿಸುತ್ತಾ ಹೋಗುವ ಸಾದಾ ಹೊಲಿಗೆ) ಅಲ್ಪಸ್ವಲ್ಪ ಹಿಗ್ಗನ್ನು ಮಾತ್ರ ಒಳಗೆ ತೆಗೆದುಕೊಳ್ಳುತ್ತದೆ. ಮೂರು ನಾಲ್ಕು ಇಂಚು ಹೆಚ್ಚಿದ್ದರೆ ಅದು ಮಡಿಕೆಯಾಗಿ ಬಿದ್ದು, ಆ ಮಡಿಕೆಯ ಏಣಿನಲ್ಲೇ ಬಟ್ಟೆ ಸವೆಯುತ್ತದೆ. ಮೂರು ಪದರ ಸೇರಿದ ಮೇಲೆ ಬಿಚ್ಚುವುದಕ್ಕಿಂತ ಈಗ ಬಿಚ್ಚುವುದು ಎಷ್ಟೋ ಸುಲಭ.

ಪ್ರಶ್ನೆ: ಅಜ್ಜಿಯ ಇಳಕಲ್ ಸೀರೆ ಇದೆ. ಒಡಲು ಹರಿದಿದೆ, ದಡಿ ಇನ್ನೂ ಗಟ್ಟಿ. ಆ ದಡಿಯನ್ನೇ ಕೌದಿಯ ಅಂಚಿಗೆ ಹಚ್ಚಬೇಕೆಂಬ ಆಸೆ. ಮೂಲೆಯಲ್ಲಿ ಗೆರೆಗಳು ಹೊಂದುವಂತೆ ಹೇಗೆ ತಿರುಗಿಸುವುದು? ಬಣ್ಣ ಬಿಡುತ್ತದಾ? (ಓದುಗರೊಬ್ಬರು, ಕೊಪ್ಪಳ)

ಉತ್ತರ: ಇದಕ್ಕಿಂತ ಒಳ್ಳೆಯ ಅಂಚು ಅಂಗಡಿಯಲ್ಲಿ ಸಿಗುವುದಿಲ್ಲ. ಇಳಕಲ್ ಸೀರೆಯ ಒಡಲು ಹತ್ತಿಯದ್ದಾದರೂ ದಡಿ ರೇಷ್ಮೆ ಅಥವಾ ಆರ್ಟ್ ಸಿಲ್ಕಿನದ್ದು. ನೇಯ್ಗೆಯೂ ಒತ್ತಾಗಿರುತ್ತದೆ. ಅದಕ್ಕೇ ಒಡಲು ಹೋದ ಮೇಲೂ ಅದು ಉಳಿದುಕೊಳ್ಳುತ್ತದೆ.

ಆದರೂ ಮೊದಲು ಪರೀಕ್ಷೆ ಮಾಡಿ. ದಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಉದ್ದಕ್ಕೂ ನೋಡಿ. ಕಾಲಿನ ಹತ್ತಿರ ನೆಲ ಮುಟ್ಟುತ್ತಿದ್ದ ದಡಿ ಹೆಚ್ಚು ಸವೆದಿರುತ್ತದೆ. ಸೊಂಟಕ್ಕೆ ಸಿಕ್ಕಿಸುತ್ತಿದ್ದ ದಡಿ ಚೆನ್ನಾಗಿರುತ್ತದೆ. ಎರಡು ಕೈಯಲ್ಲಿ ಹಿಡಿದು ಅಡ್ಡಕ್ಕೆ ಮೆಲ್ಲಗೆ ಎಳೆಯಿರಿ. ಚರ್ ಎಂದು ಬಿಟ್ಟುಕೊಂಡರೆ ಆ ಭಾಗ ಬೇಡ. ಆರು ಗಜದ ಸೀರೆಯ ಒಂದು ದಡಿ 216 ಇಂಚು. ಎರಡೂ ಸೇರಿ 432. ಒಬ್ಬರು ಹೊದೆಯುವ 60 ಇಂಚು ಅಗಲ, 90 ಇಂಚು ಉದ್ದದ ಕೌದಿಗೆ ಸುತ್ತಳತೆ 300 ಇಂಚು. ಸವೆದದ್ದನ್ನು ಬಿಟ್ಟರೂ ಸಾಕಾಗುತ್ತದೆ. ಕತ್ತರಿಸುವಾಗ ದಡಿಯ ಜೊತೆ ಒಡಲಿನ ಒಂದು ಇಂಚು ಬಿಟ್ಟು ಕತ್ತರಿಸಿ. ಹೊಲಿಗೆ ಹಿಡಿಯುವುದಕ್ಕೆ ಅದು ಬೇಕು.

ಬಣ್ಣದ ವಿಷಯ. ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ದಡಿಯ ಮೇಲಿಟ್ಟು ಮೇಲಿಂದ ಇಸ್ತ್ರಿ ಒತ್ತಿ ನೋಡಿ. ಕೆಂಪು ಹತ್ತಿದರೆ ತಣ್ಣೀರಿನಲ್ಲಿ ನೆನೆಸಿ, ನೀರು ಬದಲಿಸಿ, ತಿಳಿಯಾಗುವ ತನಕ ಹಾಗೇ ಮಾಡಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಬಿಡುತ್ತಿರುವ ಬಣ್ಣವನ್ನು ಉಪ್ಪು ಹಿಡಿದು ನಿಲ್ಲಿಸುವುದಿಲ್ಲ, ಅದನ್ನು ನಂಬಿ ಬಿಳಿ ಧೋತರದ ಪಕ್ಕಕ್ಕೆ ಹಚ್ಚಬೇಡಿ. ಕೌದಿಯ ಅಡಿಗೆ ಹೊಸ ಬಟ್ಟೆ ಹಾಕುವುದಿದ್ದರೆ ಅದನ್ನೂ ಮೊದಲೇ ತೊಳೆದು ಒಣಗಿಸಿ. ಅಜ್ಜಿಯ ಸೀರೆ ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗಿ ಆಗಿದೆ. ಹೊಸ ಬಟ್ಟೆ ಮುಂದೆ ಕುಗ್ಗಿದರೆ ದಡಿ ಸುಕ್ಕಾಗುತ್ತದೆ.

ಇನ್ನು ಮೂಲೆ. ದಡಿಯ ಗೆರೆ ಮೂಲೆಯಲ್ಲಿ ತಿರುಗಿ ಮುಂದೆ ಹೋಗಬೇಕಾದರೆ ಓರೆ ಜೋಡಣೆಯೇ ಆಗಬೇಕು. ಪ್ರತಿ ಬದಿಯ ಪಟ್ಟಿಯನ್ನು ಎರಡೂ ತುದಿಯಲ್ಲಿ ದಡಿಯ ಅಗಲದಷ್ಟು, ಜೊತೆಗೆ ಎರಡು ಇಂಚು ಜಾಸ್ತಿ ಬಿಡಿ. 78 ಇಂಚಿನ ಬದಿಗೆ ನಾಲ್ಕು ಇಂಚಿನ ದಡಿ ಹಚ್ಚುವುದಾದರೆ 78ಕ್ಕೆ ಎರಡೂ ಕಡೆಯ ಆರಾರು ಸೇರಿ 90 ಇಂಚು. ಪಟ್ಟಿ ಹಚ್ಚುವಾಗ ಕೌದಿಯ ಮೂಲೆಗೆ ಕಾಲು ಇಂಚು ಇರುವಾಗಲೇ ಹೊಲಿಗೆ ನಿಲ್ಲಿಸಿ, ಅಲ್ಲಿ ಹಿಂದಕ್ಕೂ ಮುಂದಕ್ಕೂ ಹೊಲಿದು ಭದ್ರ ಮಾಡಿ. ಪಕ್ಕದ ಬದಿಯ ಹೊಲಿಗೆಯೂ ಅದೇ ಬಿಂದುವಿನಲ್ಲಿ ಶುರುವಾಗಬೇಕು. ಒಂದು ಹೊಲಿಗೆ ಆಚೆ ಹೋದರೂ ಮೂಲೆಯಲ್ಲಿ ಉಬ್ಬು ಏಳುತ್ತದೆ.

ನಾಲ್ಕೂ ಕಡೆ ಮುಗಿದ ಮೇಲೆ ಕೌದಿಯನ್ನು ಆ ಮೂಲೆಯಿಂದ ಓರೆಯಾಗಿ ಮಡಿಚಿ, ಸೀದಾ ಕಡೆ ಒಳಗೆ ಬರಲಿ. ಎರಡು ಪಟ್ಟಿಯ ಬಾಲಗಳು ಒಂದರ ಮೇಲೊಂದು ಕೂರುತ್ತವೆ. ಕೌದಿಯ ಮಡಿಕೆ ಯಾವ ನೇರದಲ್ಲಿದೆಯೋ ಅದೇ ನೇರವನ್ನು ಪಟ್ಟಿಯ ಮೇಲೂ ಮುಂದುವರಿಸಿ ಚಾಕಿನಿಂದ ಗೆರೆ ಎಳೆಯಿರಿ. ಈಗ ಅವಸರ ಬೇಡ. ದಡಿಯ ಪ್ರತಿ ಗೆರೆಗೆ ಒಂದು ಪಿನ್ನು ಚುಚ್ಚಿ, ಕೆಳಗಿನ ಪಟ್ಟಿಯ ಅದೇ ಗೆರೆಯಲ್ಲಿ ಹೊರಬರುತ್ತದೆಯೇ ನೋಡಿ. ಬಂದರೆ ಒಳಗಿನ ಬಿಂದುವಿನಿಂದ ಹೊರಕ್ಕೆ ಹೊಲಿಯಿರಿ. ಈ ಸ್ವಲ್ಪ ದೂರವನ್ನು ನಾನು ಕೈಯಲ್ಲೇ ಹೊಲಿಯುತ್ತೇನೆ, ರೇಷ್ಮೆ ಜಾರುತ್ತದೆ. ತೆರೆದು, ಸೀದಾ ಕಡೆಯಿಂದ ನೋಡಿ, ಮನಸ್ಸಿಗೆ ಒಪ್ಪಿದ ಮೇಲೆ ಮಾತ್ರ ಬಾಲ ಕತ್ತರಿಸಿ.

ಸಾದಾ ಗೆರೆಯ ದಡಿಗೆ ಇದು ಚೆನ್ನ. ದಡಿಯಲ್ಲಿ ಬಿಡಿಬಿಡಿಯಾದ ಚಿತ್ತಾರ ಇದ್ದರೆ ಓರೆ ಜೋಡಣೆಯಲ್ಲಿ ಅದು ಅರ್ಧಕ್ಕೆ ತುಂಡಾಗುತ್ತದೆ. ಆಗ ನಾಲ್ಕು ಮೂಲೆಗೆ ಗುಳೇದಗುಡ್ಡ ಖಣದ ಚೌಕ ಹಾಕಿ. ಅಗಲ ದಡಿಯಷ್ಟೇ ಇರಲಿ. ಉದ್ದದ ಎರಡು ಬದಿಗೆ ದಡಿ ಹಚ್ಚಿ. ಮೇಲಿನ, ಕೆಳಗಿನ ದಡಿಯ ಎರಡು ತುದಿಗೆ ಖಣದ ಚೌಕ ಜೋಡಿಸಿಕೊಂಡು ಆಮೇಲೆ ಕೌದಿಗೆ ಹಚ್ಚಿ. ಸುಲಭವೂ ಹೌದು, ಗಟ್ಟಿಯೂ ಹೌದು. ನನಗೆ ಓರೆ ಜೋಡಣೆಗಿಂತ ಇದೇ ಹೆಚ್ಚು ಇಷ್ಟ. ಕುಬಸಕ್ಕೆ ತಂದು ಉಳಿದ ಖಣದ ಚೂರು ಮನೆಯಲ್ಲಿ ಇದ್ದೇ ಇರುತ್ತದೆ.

ಪ್ರಶ್ನೆ: ಬೆಂಗಳೂರಿನ ಪ್ರದರ್ಶನವೊಂದರಲ್ಲಿ ಸಿದ್ದಿ ಹೆಣ್ಣುಮಕ್ಕಳು ಹೊಲಿದ ಕೌದಿ ಕೊಂಡೆ. ಬಣ್ಣ ಅದ್ಭುತವಾಗಿದೆ. ಆದರೆ ನಾಲ್ಕೂ ಮೂಲೆಯಲ್ಲಿ ಮಡಿಚಿದ ಬಟ್ಟೆಯ ಚೂರು ಹೊರಗೆ ಚಾಚಿಕೊಂಡಿದೆ. ಸುತ್ತ ಅಂಚುಪಟ್ಟಿಯೂ ಇಲ್ಲ. ಹೊಲಿಗೆ ಪೂರ್ತಿ ಆಗಿಲ್ಲ ಅನ್ನಿಸುತ್ತದೆ. ಚೂರು ಕತ್ತರಿಸಿ ಪಟ್ಟಿ ಹಚ್ಚಿಸಲಾ? (ಓದುಗರೊಬ್ಬರು, ಬೆಂಗಳೂರು)

ಉತ್ತರ: ದಯವಿಟ್ಟು ಕತ್ತರಿ ಕೆಳಗಿಡಿ. ಆ ಚೂರಿಗೆ ಹೊಲಿದವರು ಫೂಲ ಎನ್ನುತ್ತಾರೆ, ಹೂವು. ಅದು ಇದ್ದರೇನೇ ಅವರ ಲೆಕ್ಕದಲ್ಲಿ ಕೆಲಸ ಪೂರ್ತಿ. ಫೂಲ ಇಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ.

ಸಿದ್ದಿಗಳು ಆಫ್ರಿಕಾ ಮೂಲದವರು. ಗೋವಾದ ಪೋರ್ಚುಗೀಸರು ಗುಲಾಮರನ್ನಾಗಿ ತಂದವರ ಸಂತತಿ ಅವರಲ್ಲಿ ಬಹಳ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲಾ ಕಡೆಯ ಕಾಡಂಚಿನ ಊರುಗಳಲ್ಲಿ ನೆಲೆಸಿದ್ದಾರೆ. 2003ರಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಕೆಲವು ಕೌದಿಗಳಲ್ಲಿ ತೇಪೆಯಲ್ಲೇ ಶಿಲುಬೆಯೋ ಚಂದ್ರನೋ ಮೂಡಿರುವುದನ್ನು ನೋಡಬಹುದು. ಕೌದಿಗೆ ಅವರು ಕವಂದ್ ಎನ್ನುತ್ತಾರೆ. ಅಮೆರಿಕದ ಮ್ಯೂಸಿಯಂಗಳಲ್ಲೂ ಇವು ಪ್ರದರ್ಶನಗೊಂಡಿವೆ.

ಅಂಚುಪಟ್ಟಿ ಯಾಕಿಲ್ಲ ಅಂತ ನೋಡಿ, ಅಲ್ಲೇ ಅವರ ಜಾಣತನ ಇದೆ. ನಾವು ನಡುವಿನಿಂದ ಜೋಡಿಸುತ್ತಾ ಬಂದು ಕೊನೆಗೆ ಅಂಚು ಮುಚ್ಚುತ್ತೇವೆ. ಅವರು ಅಂಚಿನಿಂದಲೇ ಶುರು ಮಾಡುತ್ತಾರೆ. ಅಡಿಯ ಬಟ್ಟೆ ಹಾಸಿ, ಒಂದು ಮೂಲೆಯಿಂದ ಹಿಡಿದು, ಅಡಿಯ ಬಟ್ಟೆಯ ಅಂಚನ್ನೂ ತೇಪೆಯ ಅಂಚನ್ನೂ ಒಳಕ್ಕೆ ಮಡಿಚಿ ಎಳೆ ಹೊಲಿಗೆ ಹಾಕುತ್ತಾ ಸುತ್ತ ಬರುತ್ತಾರೆ. ಒಂದು ಸುತ್ತು ಮುಗಿದರೆ ಅದರ ಒಳಗೆ ಇನ್ನೊಂದು. ಹೀಗೆ ಸುತ್ತಿ ಸುತ್ತಿ ಕೊನೆಯ ತೇಪೆ ನಡುವಿಗೆ ಬಂದು ಕೂರುತ್ತದೆ. ಮೊದಲ ಸುತ್ತಿನಲ್ಲೇ ಅಂಚು ಮುಚ್ಚಿ ಆಗಿರುವುದರಿಂದ ಬೇರೆ ಪಟ್ಟಿಯ ಅಗತ್ಯವೇ ಇಲ್ಲ. ತೇಪೆ ಹಚ್ಚುವುದೂ ಪದರಗಳನ್ನು ಸೇರಿಸುವುದೂ ಒಂದೇ ಹೊಲಿಗೆಯಲ್ಲಿ ಆಗುತ್ತದೆ.

ನಿಮ್ಮ ಮುಂದಿನ ಕೌದಿಗೆ ಫೂಲ ಕಲಿಯಬೇಕೆಂದಿದ್ದರೆ ಒಂದು ಸರಳ ಬಗೆ ಹೇಳುತ್ತೇನೆ. ನಾಲ್ಕು ಇಂಚಿನ ಚೌಕವನ್ನು ಓರೆಯಾಗಿ ಮಡಿಚಿ, ತ್ರಿಕೋನವನ್ನು ಮತ್ತೆ ಅರ್ಧ ಮಡಿಚಿ. ಬಿಡಿ ಅಂಚಿನ ಕಡೆ ಕೌದಿಯ ಪದರಗಳ ನಡುವೆ ಹೋಗಲಿ, ಚೂಪು ತುದಿ ಮೂಲೆಯಿಂದ ಹೊರಗೆ ಬರಲಿ. ಬೇರೆ ಬಣ್ಣದ ಇನ್ನೂ ಒಂದೆರಡನ್ನು ಅದರ ಮೇಲೆ ಜೋಡಿಸಬಹುದು. ಎಲ್ಲ ಪದರ ಹಿಡಿಯುವಂತೆ ಎರಡು ಸಾಲು ಹೊಲಿಯಿರಿ. ನೀವು ಕೊಂಡ ಕೌದಿಯನ್ನು ಮಾತ್ರ ಇದ್ದಂತೆಯೇ ಇಡಿ.

ಪ್ರಶ್ನೆ: ಅಂಚುಪಟ್ಟಿ ಬದಿಯಲ್ಲೆಲ್ಲ ಚೆನ್ನಾಗಿ ಬರುತ್ತದೆ. ಮೂಲೆಗೆ ಬಂದಾಗ ಗಂಟು ಕಟ್ಟಿದ ಹಾಗೆ ದಪ್ಪ ಆಗುತ್ತದೆ, ಚೂಪಾಗಿ ಬರುವುದಿಲ್ಲ. (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಪಟ್ಟಿಯ ಅಗಲ, ನಿಲ್ಲಿಸುವ ಜಾಗ, ಹಿಂದೆ ಮಡಿಚುವ ದಿಕ್ಕು. ಈ ಮೂರು ಸರಿ ಇದ್ದರೆ ಮೂಲೆ ತಾನಾಗಿ ಬರುತ್ತದೆ.

ಎರಡೂವರೆ ಇಂಚಿನ ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಿಚಿ ಇಸ್ತ್ರಿ ಹಾಕಿ. 60ಕ್ಕೆ 90ರ ಕೌದಿಗೆ 300 ಇಂಚು, ಮೂಲೆಗೂ ಕೊನೆಯ ಜೋಡಣೆಗೂ ಇನ್ನು 12. ಒಟ್ಟು 312. 44 ಇಂಚು ಪನ್ನಾದ ಬಟ್ಟೆಯಿಂದ ಅಡ್ಡಕ್ಕೆ ಎಂಟು ಪಟ್ಟಿ ಕತ್ತರಿಸಿದರೆ ಆಯಿತು. 20 ಇಂಚು ಬಟ್ಟೆ ಸಾಕು, ಅಂಗಡಿಯಲ್ಲಿ 60 ಸೆಂಟಿಮೀಟರ್ ಕೇಳಿ. ಗದಗದ ತಂಗಿಗೆ ಹಾಸಿನ ನೇರಕ್ಕೆ ಕತ್ತರಿಸಿ ಎಂದೆ. ಈ ಸಣ್ಣ ಅಂಚುಪಟ್ಟಿಗೆ ಹೊಕ್ಕಿನ ದಿಕ್ಕು ನಡೆಯುತ್ತದೆ, ಸ್ವಲ್ಪ ಬಳುಕಿದರೆ ತಿರುವಿಗೆ ಒಳ್ಳೆಯದೇ. ಪಟ್ಟಿಗಳನ್ನು ಒಂದಕ್ಕೊಂದು ಓರೆಯಾಗಿ ಜೋಡಿಸಿ. ನೇರ ಜೋಡಿಸಿದರೆ ಒಂದೇ ಜಾಗದಲ್ಲಿ ದಪ್ಪ ಸೇರುತ್ತದೆ.

ಮೂಲೆಯಿಂದ ಯಾವತ್ತೂ ಶುರು ಮಾಡಬೇಡಿ. ಒಂದು ಬದಿಯ ನಡುವಿನಿಂದ, ಒಂದು ಗೇಣು ಪಟ್ಟಿ ಬಿಡಿ ಬಿಟ್ಟು, ಕೌದಿಯ ಸೀದಾ ಕಡೆ ಹೊಲಿಯುತ್ತಾ ಬನ್ನಿ. ಅಂಚಿನಿಂದ ಕಾಲು ಇಂಚಿಗೆ ಹೊಲಿಯುತ್ತಿದ್ದರೆ ಮೂಲೆಗೆ ಕಾಲು ಇಂಚು ಇರುವಾಗ ನಿಲ್ಲಿಸಿ, ದಾರ ಕತ್ತರಿಸಿ. ಕೌದಿಯನ್ನು ತಿರುಗಿಸಿ. ಪಟ್ಟಿಯನ್ನು ಮೇಲಕ್ಕೆ ಮಡಿಚಿ, ಮುಂದಿನ ಬದಿಯ ನೇರಕ್ಕೆ ನಿಲ್ಲಲಿ. ಕೆಳಗೆ ಓರೆಯಾದ ಮಡಿಕೆ ಬೀಳುತ್ತದೆ. ಅದನ್ನು ಬೆರಳಲ್ಲಿ ಒತ್ತಿ ಹಿಡಿದು ಪಟ್ಟಿಯನ್ನು ಮತ್ತೆ ಕೆಳಕ್ಕೆ ಮಡಿಚಿ. ಮೇಲಿನ ಮಡಿಕೆ ಕೌದಿಯ ಅಂಚಿಗೆ ಸಮನಾಗಿರಬೇಕು. ಆ ಅಂಚಿನಿಂದಲೇ ಮತ್ತೆ ಹೊಲಿಗೆ ಶುರು.

ಹಿಂದಕ್ಕೆ ತಿರುಗಿಸಿ ಕೈಹೊಲಿಗೆ ಹಾಕುವಾಗ ಮುಂದಿನ ಮಡಿಕೆ ಬಲಕ್ಕೆ ಬಿದ್ದಿದ್ದರೆ ಹಿಂದಿನದು ಅದರ ಎದುರು ದಿಕ್ಕಿಗೆ ಬೀಳಲಿ. ದಪ್ಪ ಎರಡು ಕಡೆ ಹಂಚಿಹೋಗುತ್ತದೆ. ನಿಮ್ಮ ಗಂಟಿಗೆ ಮುಖ್ಯ ಕಾರಣ ಇದೇ ಇರಬೇಕು. ಮೂಲೆಯ ಓರೆ ಮಡಿಕೆಗೂ ನಾಲ್ಕೈದು ಸಣ್ಣ ಹೊಲಿಗೆ ಹಾಕಿ ಮುಚ್ಚಿ.

ನಾಲ್ಕೈದು ಸೀರೆ ಪದರದ ದಪ್ಪ ಕೌದಿಗೆ ಮೂರು ಇಂಚಿನ ಪಟ್ಟಿ ತೆಗೆದುಕೊಂಡು ಅಂಚಿನಿಂದ ಸ್ವಲ್ಪ ಹೆಚ್ಚು ಒಳಗೆ ಹೊಲಿಯಿರಿ. ಎಷ್ಟು ಒಳಗೆ ಹೊಲಿಯುತ್ತೀರೋ ಮೂಲೆಯಲ್ಲೂ ಅಷ್ಟೇ ಮುಂಚೆ ನಿಲ್ಲಿಸಬೇಕು. ಅಷ್ಟು ದಪ್ಪಕ್ಕೆ ಸಾದಾ ಸೂಜಿ ಮುರಿಯುತ್ತದೆ. ಉದ್ದನೆಯ ಗಟ್ಟಿ ಸೂಜಿ, ಜೇನುಮೇಣ ಸವರಿದ ಹತ್ತಿ ದಾರ ಬಳಸಿ.

ಪ್ರಶ್ನೆ: ಮನೆಗೆ ಬಂದು ಕೌದಿ ಹೊಲಿದುಕೊಟ್ಟ ಹೆಣ್ಣುಮಗಳು ಅಂಚಿನ ಪಟ್ಟಿಗೆ ಬೇರೆ ದುಡ್ಡು ಕೇಳಿದರು. ಕೌದಿಗೆ ಮಾತಾಡಿದ ದುಡ್ಡಿನಲ್ಲೇ ಅಂಚೂ ಬರಬೇಕಲ್ಲವೇ? (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಕೊಡಿ. ಸಂತೋಷದಿಂದ ಕೊಡಿ.

ಲೆಕ್ಕ ಹಾಕಿ ನೋಡಿ. ಸುತ್ತಳತೆ 300 ಇಂಚು. ಮುಂದೆ ಒಂದು ಸಲ, ಹಿಂದೆ ಒಂದು ಸಲ ಹೊಲಿಯಬೇಕು. 600 ಇಂಚು, ಅಂದರೆ 50 ಅಡಿ. ಇಂಚಿಗೆ ನಾಲ್ಕು ಹೊಲಿಗೆಯಂತೆ 2400 ಹೊಲಿಗೆ. ಅದೂ ಎಲ್ಲಕ್ಕಿಂತ ದಪ್ಪ ಇರುವ ಜಾಗದಲ್ಲಿ, ಬೆರಳು ನೋಯುವ ಕೆಲಸ. ನಮ್ಮ ಕಡೆ ಗೊಂದಲಿಗರ ಮನೆಯ ಹೆಣ್ಣುಮಕ್ಕಳು ಊರೂರು ತಿರುಗಿ ಕೌದಿ ಹೊಲಿದುಕೊಡುತ್ತಾ ಬಂದಿದ್ದಾರೆ. ನಮ್ಮವ್ವ ಅಂಥವರಿಂದಲೇ ಹೊಲಿಸುತ್ತಿದ್ದಳು, ಅವರ ಪಕ್ಕ ಕೂತು ನಾನು ಸೂಜಿ ಹಿಡಿಯುವುದು ಕಲಿತೆ. ಅಡಿಯ ಬಟ್ಟೆಯನ್ನೇ ಮುಂದಕ್ಕೆ ಮಡಿಚಿ ಮುಚ್ಚುವ ಅಂಚು ಬೇರೆ, ಕತ್ತರಿಸಿ ಜೋಡಿಸಿ ಹಚ್ಚುವ ಪಟ್ಟಿ ಬೇರೆ. ಎರಡನೆಯದು ಬೇಕು ಅಂದರೆ ಮೊದಲೇ ಹೇಳಿ, ಮೊದಲೇ ದರ ಮಾತಾಡಿ. ದಾರವನ್ನು ನೀವೇ ಒಳ್ಳೆಯದು ತಂದುಕೊಡಿ. ಒಂದು ಹೊಸ ಹಾಸಿಗೆ ಹೊದಿಕೆಗೆ ಅಂಗಡಿಯಲ್ಲಿ ಚೌಕಾಸಿ ಮಾಡದವರು ಕೌದಿಯವರ ಹತ್ತಿರ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ತಂಗಿ, ನಾನು ನಿವೃತ್ತ ಶಿಕ್ಷಕ. ಮೊಮ್ಮಗಳಿಗೆ ನಾನೇ ಒಂದು ಚಿಕ್ಕ ಕೌದಿ ಹೊಲಿಯುತ್ತಿದ್ದೇನೆ. ಚೂಪು ಮೂಲೆ ಬೇಡ, ದುಂಡಗೆ ಬೇಕು. ಪಟ್ಟಿ ದುಂಡಕ್ಕೆ ಕೂರುತ್ತಿಲ್ಲ. ಮೂಲೆಗೆ ಗೊಂಡೆ ಕಟ್ಟಬಹುದೇ? (ಓದುಗರೊಬ್ಬರು, ವಿಜಯಪುರ)

ಉತ್ತರ: ಗುರುಗಳೇ, ನಮಸ್ಕಾರ. ನಿಮ್ಮ ಪತ್ರ ಓದಿ ಮನಸ್ಸು ತುಂಬಿತು. ಅಜ್ಜನ ಕೈಯ ಕೌದಿ ಎಷ್ಟು ಮಕ್ಕಳಿಗೆ ಸಿಗುತ್ತದೆ!

ದುಂಡಗೆ ತಿರುಗುವ ಅಂಚಿಗೆ ಕ್ರಾಸ್ ಪಟ್ಟಿಯೇ ಬೇಕು. ನೇರ ಎಳೆಯ ಪಟ್ಟಿ ಅಲ್ಲಿ ಸುಕ್ಕಾಗುತ್ತದೆ. ಚೌಕ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಮಡಿಚಿ. ಆ ಮಡಿಕೆಯ ಗೆರೆಗೆ ಸಮನಾಗಿ 2¼ ಇಂಚಿನ ಪಟ್ಟಿಗಳನ್ನು ಕತ್ತರಿಸಿ ಜೋಡಿಸಿಕೊಳ್ಳಿ. 36ಕ್ಕೆ 45 ಇಂಚಿನ ಕೌದಿಗೆ 174 ಇಂಚು ಪಟ್ಟಿ ಬೇಕು. 24 ಇಂಚಿನ ಒಂದು ಚೌಕ ಬಟ್ಟೆಯಲ್ಲಿ ಅಷ್ಟೂ ಸಿಗುತ್ತದೆ. ಊಟದ ತಟ್ಟೆಯನ್ನು ಮೂಲೆಗೆ ಇಟ್ಟು ಗೆರೆ ಎಳೆದು ನಾಲ್ಕೂ ಮೂಲೆಯನ್ನು ಒಂದೇ ಸಮ ಕತ್ತರಿಸಿ. ಪಟ್ಟಿ ಹಚ್ಚುವಾಗ ತಿರುವಿನಲ್ಲಿ ಎಳೆಯಬೇಡಿ, ಸ್ವಲ್ಪ ಸಡಿಲವಾಗಿ ಕೂರಿಸಿ. ಎಳೆದು ಹೊಲಿದರೆ ಮೂಲೆ ಒಳಕ್ಕೆ ಬಾಗಿಕೊಳ್ಳುತ್ತದೆ.

ಗೊಂಡೆ ಬೇಡ. ಮಣಿ, ಕನ್ನಡಿ, ಗುಂಡಿ ಯಾವುದೂ ಬೇಡ. ಎಳೆಯ ಮಗು ಎಲ್ಲವನ್ನೂ ಬಾಯಿಗೆ ಹಾಕಿಕೊಳ್ಳುತ್ತದೆ. ಅಂದ ಬೇಕಿದ್ದರೆ ಕುಂಚಿಗೆಗೆ ತಂದ ಬಟ್ಟೆಯಲ್ಲಿ ಉಳಿದದ್ದರಿಂದಲೇ ಪಟ್ಟಿ ಮಾಡಿ, ಎರಡೂ ಜೊತೆಯಾಗಿ ಕಾಣುತ್ತವೆ.

ಪ್ರಶ್ನೆ: ಅಮ್ಮ ಹೊಲಿದ ಕೌದಿ ನನ್ನ ಜೊತೆ ಸಿಂಗಪುರಕ್ಕೆ ಬಂದಿದೆ. ಅಂಚು ಪೂರ್ತಿ ಹರಿದಿದೆ, ನಡು ಚೆನ್ನಾಗಿದೆ. ಅಂಚು ಬಿಚ್ಚಿ ಹೊಸದು ಹಾಕಲಾ? ಮಷಿನ್ನಿನಲ್ಲಿ ತೊಳೆಯಬಹುದಾ? (ಓದುಗರೊಬ್ಬರು, ಸಿಂಗಪುರ)

ಉತ್ತರ: ಬಿಚ್ಚಬೇಡಿ. ಹಳೆಯ ಅಂಚನ್ನು ಎಳೆದರೆ ಅದರ ಜೊತೆ ಒಳಗಿನ ಪದರವೂ ಬರುತ್ತದೆ. ನೇತಾಡುವ ಎಳೆಗಳನ್ನು ಮಾತ್ರ ಕತ್ತರಿಸಿ, ಹರಿದ ಅಂಚಿಗೆ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ಹಿಡಿದು ನಿಲ್ಲಿಸಿ. ಅದರ ಮೇಲೆ ನಾಲ್ಕು ಇಂಚು ಅಗಲದ ಹೊಸ ಪಟ್ಟಿ ಮುಚ್ಚಿ ಹೊಲಿಯಿರಿ. ಹೊಲಿಗೆ ಗಟ್ಟಿ ಬಟ್ಟೆ ಇರುವ ಜಾಗಕ್ಕೆ ಬೀಳಬೇಕು, ಸವೆದ ಜಾಗಕ್ಕಲ್ಲ. ತೊಳೆದ ಮೆತ್ತನೆ ಹತ್ತಿಬಟ್ಟೆಯನ್ನೇ ಆರಿಸಿ. ಬಿರುಸಾದ ಹೊಸ ಬಟ್ಟೆ ಹಳೆಯ ಬಟ್ಟೆಯನ್ನು ಪಕ್ಕದಿಂದ ಕೊಯ್ಯುತ್ತದೆ.

ತಣ್ಣೀರು, ಮೆಲ್ಲಗಿನ ಸೈಕಲ್, ಕೌದಿ ಒಂದೇ ಇರಲಿ. ಬಿಸಿ ಡ್ರೈಯರ್ ಬೇಡ. ಒದ್ದೆ ಕೌದಿ ಬಹಳ ಭಾರ. ಮೂಲೆಗೆ ಕ್ಲಿಪ್ಪು ಹಾಕಿ ನೇತುಹಾಕಿದರೆ ನೀವು ಹೊಲಿದ ಅಂಚು ಮೊದಲ ದಿನವೇ ಜೋಲುತ್ತದೆ. ಎರಡು ಮೂರು ಹಗ್ಗದ ಮೇಲೆ ಹರಡಿ ಒಣಗಿಸಿ.

ಪ್ರಶ್ನೆ: ಅಂಚಿಗೆ ಅಂಗಡಿಯ ಸ್ಯಾಟಿನ್ ರಿಬ್ಬನ್ ಹಚ್ಚಿದರೆ ಬೇಗ ಮುಗಿಯುತ್ತದಲ್ವಾ? (ಓದುಗರೊಬ್ಬರು, ತುಮಕೂರು)

ಉತ್ತರ: ಬೇಗ ಮುಗಿಯುತ್ತದೆ, ಬೇಗ ಬಿಡುತ್ತದೆ ಕೂಡ. ರಿಬ್ಬನ್ ಪಾಲಿಯೆಸ್ಟರ್. ಹತ್ತಿ ಒಗೆದಾಗ ಕುಗ್ಗುತ್ತದೆ, ಅದು ಕುಗ್ಗುವುದಿಲ್ಲ. ನುಣುಪಾಗಿರುವುದರಿಂದ ಹೊಲಿಗೆಯ ತೂತಿನಲ್ಲೇ ಎಳೆ ಸರಿದು ಬಾಯಿ ಬಿಡುತ್ತದೆ. ಸಮಯ ಉಳಿಸಬೇಕಿದ್ದರೆ ಅಡಿಯ ಬಟ್ಟೆಯನ್ನು ನಾಲ್ಕೂ ಕಡೆ ಎರಡೆರಡು ಇಂಚು ದೊಡ್ಡದಾಗಿ ಬಿಡಿ. ಮೂಲೆಯ ತುದಿಯನ್ನು ಮೊದಲು ಒಳಕ್ಕೆ ಮಡಿಚಿಕೊಳ್ಳಿ. ಆಮೇಲೆ ಬದಿಗಳನ್ನು ಎರಡು ಮಡಿಕೆ ಮಾಡಿ ಮುಂದಕ್ಕೆ ತಂದು ಹೊಲಿಯಿರಿ. ಪಟ್ಟಿ ಕತ್ತರಿಸುವ ಕೆಲಸವೇ ಇಲ್ಲ.